ಕೋನಪ್ಪ ಹೇಳಿದ ಸುಳಿ

ಯಾವ ರಾಸನ್ನು ತೋರಿಸಿದರೂ ಕೋನಪ್ಪ ಮೊದಲು ಆಡುವ ಮಾತು ಒಂದೇ: "ಸುಳಿ ಸರಿಯಿಲ್ಲವಲ್ಲ." ಗೌರಿಬಿದನೂರು, ಚಿಂತಾಮಣಿ, ಅತ್ತ ಹಿಂದೂಪುರ, ಈ ಸಂತೆಗಳಲ್ಲೆಲ್ಲ ದನದ ದಳ್ಳಾಳಿಯಾಗಿ ಓಡಾಡಿ ತಲೆ ನರೆಸಿಕೊಂಡವನು ಅವನು. ಕೊಳ್ಳುವವರ ಕಡೆಯಿಂದ ಹೋದರೆ ತಪ್ಪು ಹುಡುಕಬೇಕು, ಮಾರುವವರ ಕಡೆಯಿಂದ ಹೋದರೆ ತಪ್ಪು ಮುಚ್ಚಬೇಕು; ಅವನ ಕಸುಬಿನ ಶಾಸ್ತ್ರವೆಲ್ಲ ಅಷ್ಟರಲ್ಲಿ ಮುಗಿಯುತ್ತಿತ್ತು. ಸುಳಿ ಅಂದರೆ ರಾಸಿನ ಮೈಮೇಲೆ ಕೂದಲು ಸುತ್ತಿಕೊಂಡಿರುವ ಜಾಗ. ಇಂಥಲ್ಲಿದ್ದರೆ ಮನೆ ಏಳಿಗೆ, ಇಂಥಲ್ಲಿದ್ದರೆ ಮನೆ ಹಾಳು ಎಂದು ಹಿಂದಿನವರು ಹೇಳಿಟ್ಟಿದ್ದಾರೆ. ವಯಸ್ಸಿನ ಬಗ್ಗೆ ತಕರಾರು ಬಂದರೆ ಬಾಯಿ ಬಿಡಿಸಿ ಹಲ್ಲು ನೋಡಬಹುದು, ಹಾಲಿನ ಬಗ್ಗೆ ಬಂದರೆ ಕರೆದು ನೋಡಬಹುದು. ಸುಳಿಯ ದೋಷ ಮಾತ್ರ ಮುಂದೆ ಯಾವತ್ತೋ ಆಗಲಿರುವ ಕೆಡುಕಿನ ಮಾತು. ಅದನ್ನು ಇವತ್ತು ಸುಳ್ಳೆಂದು ತೋರಿಸಲು ಯಾವ ರೈತನಿಗೂ ಆಗುವುದಿಲ್ಲ. ಅದಕ್ಕೇ ಕೋನಪ್ಪನಿಗೆ ಅದರ ಮೇಲೆ ಅಷ್ಟು ಪ್ರೀತಿ.

ಸಂತೆಗಳೇ ಬಡವಾಗಿ, ಉಳುವುದಕ್ಕೆ ಟ್ರ್ಯಾಕ್ಟರು ಬಂದು, ಕೋನಪ್ಪ ಮನೆಯಲ್ಲೇ ಕೂತಿದ್ದ ಕಾಲ. ಒಂದು ದಿನ ಮೋಹನ್‌ಬಾಬು ಫೋನು ಮಾಡಿದ. ರೈಲು ಹಳಿಯ ಆಚೆಯ ಊರಿನಲ್ಲಿ ದ್ರಾಕ್ಷಿ ತೋಟ, ಹಿಪ್ಪುನೇರಳೆ ತೋಟ ಇರುವ ವೆಂಕಟರತ್ನಮ್ಮನ ಮಗ ಅವನು; ಕರೆಂಟ್ ಆಫೀಸಿನಲ್ಲಿ ಕೆಲಸ.

"ಕೋನಪ್ಪಣ್ಣ, ಮನೇಲಿ ಒಂದು ಕುದುರೆ ಐತೆ. ಬಂದು ಒಂದ್ಸಾರಿ ನೋಡೋಗಿ."

ಕುದುರೆ ಎಂದ ಮೇಲೆ ಕೊಳ್ಳುವುದಕ್ಕೇ ಇರಬೇಕು ಎಂದುಕೊಂಡ ಕೋನಪ್ಪ, ಇಸ್ತ್ರಿ ಮಾಡಿದ ಪಂಚೆ ಉಟ್ಟು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋದ. ಟ್ರ್ಯಾಕ್ಟರು ನಿಲ್ಲಿಸುವ ಶೆಡ್ಡಿನಲ್ಲಿ ನಿಂತಿದ್ದ ಪ್ರಾಣಿ ಅವನ ಸೊಂಟಕ್ಕೂ ಬರುತ್ತಿರಲಿಲ್ಲ. ಕಂದು ಮೈ, ದಪ್ಪ ಹೊಟ್ಟೆ, ಗಿಡ್ಡ ಕಾಲು. ಹಣೆಯಿಂದ ಇಳಿದ ಕೂದಲು ಕಣ್ಣು ಮುಚ್ಚಿ ಮೂಗಿನವರೆಗೆ ಬಂದಿತ್ತು. ದೂರದಿಂದ ನೋಡಿದರೆ ಯಾವುದು ಮುಖ ಯಾವುದು ಬಾಲ ಎಂದು ಒಂದು ಗಳಿಗೆ ಅನುಮಾನ ಬರುವಂತಿತ್ತು.

"ಮರಿಗೆ ಎಷ್ಟು ತಿಂಗಳು?" ಎಂದ ಕೋನಪ್ಪ.

"ಮರಿ ಅಲ್ಲಣ್ಣ, ಆರೇಳು ವರ್ಷದ ಹೆಣ್ಣು ಕುದುರೆ. ತಳಿನೇ ಅಷ್ಟು. ಮಿನಿಯೇಚರ್ ಅಂತಾರೆ."

ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದ ವೆಂಕಟರತ್ನಮ್ಮ ತಲೆಯೆತ್ತಿದಳು. ಕೋನಪ್ಪ ಕುದುರೆಯ ಸುತ್ತ ಒಂದು ಸುತ್ತು ಬಂದ, ನಾಲಿಗೆಯಲ್ಲಿ ಲೊಚಗುಟ್ಟಿದ, ಆಮೇಲೆ ಅಭ್ಯಾಸ ಅವನ ಬಾಯಿಂದ ತಾನಾಗಿ ಹೊರಬಂತು.

"ಸುಳಿ ಸರಿಯಿಲ್ಲವಲ್ಲ."

"ಯಾವ ಸುಳಿ?" ವೆಂಕಟರತ್ನಮ್ಮನ ಕೈ ಅವರೆಕಾಯಿಯ ಮೇಲೆಯೇ ನಿಂತಿತು.

"ಕಣ್ಣೀರ ಸುಳಿ ಅಕ್ಕ. ಎಡಗಣ್ಣಿನ ಮಗ್ಗುಲಲ್ಲಿ, ಆ ಕೂದಲ ಕೆಳಗೆ. ಇದಿದ್ದ ಮನೆ ಕಣ್ಣಲ್ಲಿ ನೀರು ಹಾಕಿಸ್ದೆ ಬಿಡಲ್ಲ. ಅದಿರ್ಲಿ, ಎಷ್ಟು ಹೇಳ್ತಾವ್ರೆ?"

"ಏನೆಷ್ಟು?" ಎಂದ ಮೋಹನ್‌ಬಾಬು. "ಯಾರೂ ಏನೂ ಹೇಳ್ತಿಲ್ಲ. ಬೆಂಗಳೂರಿನ ಫ್ರೆಂಡು ಸುಮ್ನೆ ಕೊಟ್ಟ. ಲೇಔಟಿನವರು ತಕರಾರು ಮಾಡಿದ್ರಂತೆ. ಬಂದು ಒಂದು ವಾರ ಆಯ್ತು. ಮೇವು ಏನು ಹಾಕಬೇಕು ಅಂತ ಕೇಳೋಣ ಅಂತ ಕರೆದೆ."

ಕೋನಪ್ಪನಿಗೆ ಕಸುಬಿನಲ್ಲಿ ಇಂಥದ್ದು ಎಂದೂ ಆಗಿರಲಿಲ್ಲ. ಬೆಲೆ ಇಳಿಸುವುದಕ್ಕೆಂದು ಎಸೆದ ದೋಷ. ಇಳಿಯುವುದಕ್ಕೆ ಬೆಲೆಯೇ ಇಲ್ಲ. ಸಂತೆಯಲ್ಲಾದರೆ ವ್ಯಾಪಾರ ಮುಗಿದ ಮೇಲೆ ಅಂಥ ದೋಷವನ್ನು ಅಲ್ಲೇ ಸಗಣಿಯ ಜೊತೆ ಬಿಟ್ಟು ಬರುತ್ತಿದ್ದರು. ಇಲ್ಲಿ ಅದು ಮನೆಯೊಳಗೆ ಹೋಗಿ ಕೂತಿತು.

"ಹಂಗಾದ್ರೆ ಬಿಡಕ್ಕ, ಅಷ್ಟೇನಿಲ್ಲ, ಈ ಕಾಲದಲ್ಲಿ ಯಾರು ಸುಳಿ ಗಿಳಿ..."

"ನೋಡಿದ ತಕ್ಷಣ ಹೇಳಿದ್ದೇ ನಿಜ. ಆಮೇಲೆ ಹೇಳಿದ್ದು ದಾಕ್ಷಿಣ್ಯಕ್ಕೆ," ಎಂದಳು ವೆಂಕಟರತ್ನಮ್ಮ.

ಅಲ್ಲಿಂದ ಆ ಮನೆಯಲ್ಲಿ ಕೆಟ್ಟದ್ದೆಲ್ಲಕ್ಕೂ ಒಂದು ವಿಳಾಸ ಸಿಕ್ಕಿತು. ಬೋರ್‌ವೆಲ್ ಮೋಟಾರು ಸುಟ್ಟಿತು. ಮೋಟಾರು ವರ್ಷ ವರ್ಷವೂ ಸುಡುತ್ತದಲ್ಲ ಅತ್ತೆ ಎಂದು ಸೊಸೆ ಹರಿತಾ ನೆನಪು ಮಾಡಿದರೆ, "ಹೋದ ವರ್ಷ ಸುಟ್ಟಿದ್ದು ಕರೆಂಟಿಂದ, ಈ ವರ್ಷ ಸುಟ್ಟಿದ್ದು ಅದರಿಂದ" ಎಂಬ ಉತ್ತರ ಬಂತು. ಹಸು ಹಾಲು ಕಮ್ಮಿ ಮಾಡಿತು. ಕೊನೆಗೆ ಮೋಹನ್‌ಬಾಬುವಿಗೆ ಚಿಂತಾಮಣಿಗೆ ವರ್ಗವಾಯಿತು. ವರ್ಗವನ್ನು ಅವನೇ ಕೇಳಿ ಹಾಕಿಸಿಕೊಂಡದ್ದು, ಹರಿತಾ ಪಾಠ ಮಾಡುವ ಕಾಲೇಜು ಚಿಂತಾಮಣಿಯಲ್ಲೇ ಇರುವುದು, ಇದೊಂದೂ ಲೆಕ್ಕಕ್ಕೆ ಬರಲಿಲ್ಲ. ಕುದುರೆಗೆ ಬೆಂಗಳೂರಿನವರು ಇಟ್ಟಿದ್ದ ಹೆಸರು ಕ್ಯಾಂಡಿ. ವೆಂಕಟರತ್ನಮ್ಮ ಅದನ್ನು "ಅದು" ಎಂದಷ್ಟೇ ಕರೆದಳು.

"ದೋಷ ಕಂಡುಹಿಡಿದವನು ನೀನು. ಕೊಳ್ಳೋ ಪಾರ್ಟಿನೂ ನೀನೇ ಹುಡುಕು," ಎಂದು ಕೋನಪ್ಪನಿಗೆ ಅಪ್ಪಣೆಯಾಯಿತು. "ನಾವು ಮನೆ ಖಾಲಿ ಮಾಡಿ ಚಿಂತಾಮಣಿಗೆ ಹೋಗೋದ್ರೊಳಗೆ ಅದು ಇಲ್ಲಿಂದ ಹೋಗಿರಬೇಕು. ಆಮೇಲೆ ಕೇಳು, ಸುಳಿ ಮಾತು ಅವರ ಹತ್ರ ಎತ್ತಬೇಡ."

ಪಾರ್ಟಿ ಸಿಗುವುದು ಕಷ್ಟವಾಗಲಿಲ್ಲ. ಹಿಂದೂಪುರದ ವೇಣು ಎಕ್ಸಿಬಿಷನ್ ಮೈದಾನಗಳಲ್ಲಿ ಬಣ್ಣದ ಸಣ್ಣ ಗಾಡಿ ಇಟ್ಟುಕೊಂಡು ಮಕ್ಕಳನ್ನು ಸುತ್ತು ಹೊಡೆಸುವವನು. ಎಳೆಯುವುದಕ್ಕೆ ಈವರೆಗೆ ಒಂದು ಮುದಿ ತಟ್ಟು ಕುದುರೆ ಇತ್ತು, ಅದು ಸತ್ತಿತ್ತು. ಫೋಟೋ ನೋಡಿಯೇ ಅವನು ಕುಣಿದಾಡಿದ. "ಉಗಾದಿ ಆದಮೇಲೆ ಬರ್ತೀನನ್ನಾ. ಮುಖಕ್ಕೆ ಪಟ್ಟಿ ಹಾಕಿ, ಹಿಡಿದರೆ ನಡೆಯೋ ಹಂಗೆ ಮಾಡಿಡು, ಅಷ್ಟೇ" ಎಂದ.

ಅಷ್ಟೇ ಆಗದಿದ್ದದ್ದು. ಕ್ಯಾಂಡಿ ಮೈ ಮುಟ್ಟಿದರೆ ಸಹಿಸಿಕೊಳ್ಳುತ್ತಿತ್ತು. ಕೈ ಕತ್ತು ದಾಟಿ ಮುಖದ ಕಡೆ ಹೊರಟರೆ ಮಾತ್ರ ತಿರುಗಿ ಕಚ್ಚುತ್ತಿತ್ತು. ಕೋನಪ್ಪ ತನಗೆ ಗೊತ್ತಿದ್ದ ವಿದ್ಯೆ ತೋರಿಸಲು ಹೋದ: ಕರುವಿಗೆ ಮಾಡುವಂತೆ ಒಂದು ಕೈಯಲ್ಲಿ ಕಿವಿ ಹಿಡಿದು, ಮೊಣಕಾಲಿನಲ್ಲಿ ಗೋಡೆಗೆ ಒತ್ತಿ, ಇನ್ನೊಂದು ಕೈಯಲ್ಲಿ ಪಟ್ಟಿ ಸಿಕ್ಕಿಸುವುದು. ಕುದುರೆ ಮುಂಗಾಲೆತ್ತಿ ನಿಂತು ಇಳಿದದ್ದು ಸರಿಯಾಗಿ ಅವನ ಹೆಬ್ಬೆರಳಿನ ಮೇಲೆ. ಅಷ್ಟು ಸಣ್ಣ ಗೊರಸಿನಲ್ಲಿ ಅಷ್ಟು ಭಾರ ಇರಬಹುದೆಂದು ಅವನು ಎಣಿಸಿರಲಿಲ್ಲ.

"ಕೋನಪ್ಪಣ್ಣ, ನೀವು ಸಂತೇಲಿ ಹಿಂಗೇ ಹಿಡೀತಿದ್ರಾ?" ಹರಿತಾ ಕಾಲೇಜಿಗೆ ಹೊರಟವಳು ಬ್ಯಾಗು ಹೆಗಲಲ್ಲಿಟ್ಟುಕೊಂಡೇ ನೋಡುತ್ತಿದ್ದಳು.

"ಹಿಂಗೇನಮ್ಮ. ರಾಸು ಅಂದ್ರೆ ಹಿಂಗೇ."

"ಅವು ನಿಮ್ಮನ್ನ ನೋಡಿ ಓಡಿ ಹೋಗ್ತಿರ್ಲಿಲ್ವಾ?"

"ಓಡ್ತಿದ್ವು. ಅದಕ್ಕೇ ಗಟ್ಟಿಯಾಗಿ ಹಿಡೀತಿದ್ದೆ."

ಹರಿತಾ ನಕ್ಕಳು. ನಕ್ಕು ಫೋನಿನಲ್ಲಿ ಒಂದು ಫೋಟೋ ತೆಗೆದು ತೋರಿಸಿದಳು. ಬೆಂಗಳೂರಿನ ಯಾವುದೋ ಮಗುವಿನ ಹುಟ್ಟುಹಬ್ಬ. ನಡುವೆ ಕ್ಯಾಂಡಿ. ಹಣೆಯ ಮೇಲೆ ಎಲಾಸ್ಟಿಕ್ಕಿನಿಂದ ಬಿಗಿದ ಮಿಣಮಿಣ ಮಿಂಚುವ ಕೊಂಬು, ಮುಖದ ಸುತ್ತ ಹತ್ತಾರು ಪುಟ್ಟ ಕೈಗಳು. "ವಾರಕ್ಕೆ ಎರಡು ಪಾರ್ಟಿ ಇತ್ತಂತೆ. ಈ ಕೊಂಬು ಕಟ್ಟಿ ಕಟ್ಟಿ ಹಿಂಗಾಗಿದೆ. ಅದಕ್ಕೆ ಕೈ ಅಂದ್ರೆ ಎಲಾಸ್ಟಿಕ್ಕು." ಅವಳು ಜೀವಶಾಸ್ತ್ರದ ಲೆಕ್ಚರರ್. ಕುದುರೆ ಬಂದ ದಿನದಿಂದ ಅದನ್ನು ಸಾಕುವವರ ಬರಹ, ವಿಡಿಯೋ ಎಲ್ಲ ಗುಡ್ಡೆ ಹಾಕಿ ಓದಿದ್ದಳು. ಆದರೆ ದಿನವೆಲ್ಲ ಚಿಂತಾಮಣಿ ಬಸ್ಸಿನಲ್ಲಿ ಕಳೆಯುವವಳಿಗೆ ಮಾಡಿ ನೋಡಲು ಹೊತ್ತಿರಲಿಲ್ಲ. "ನಾನು ಹೇಳ್ತೀನಿ, ನೀವು ಮಾಡ್ತೀರಾ? ಬೆಳಗ್ಗೆ ಸ್ವಲ್ಪ ಹೊತ್ತು."

"ಏನ್ ಮಾಡ್ಬೇಕು ಹೇಳಮ್ಮ."

"ಮೊದಲು ಏನೂ ಮಾಡಬಾರದು. ಒಳಗೆ ಹೋಗಿ ಬಕೆಟ್ ಬೋರಲು ಹಾಕ್ಕೊಂಡು ಕೂತ್ಕೊಳ್ಳಿ. ಅದರ ಮುಖ ನೋಡಬೇಡಿ."

"ಎಷ್ಟೊತ್ತು?"

"ಅದು ನಿಮ್ಮನ್ನ ನೋಡೋವರೆಗೂ."

ಹೀಗೆ ಊರಿಗೆಲ್ಲ ಬಾಯಿಯಿಂದ ಬದುಕಿದವನೆಂದು ಹೆಸರಾದ ಕೋನಪ್ಪ, ಬೆಳಗಾಗೆದ್ದು ಬೇರೆಯವರ ಶೆಡ್ಡಿನಲ್ಲಿ ಬಕೆಟ್ಟಿನ ಮೇಲೆ ಬಾಯಿಮುಚ್ಚಿ ಕೂರುವಂತಾಯಿತು. ಅವನ ಹೆಂಡತಿ ಚಿಕ್ಕವೆಂಕಟಮ್ಮನಿಗೆ ಇದು ಅರ್ಥವಾಗಲಿಲ್ಲ.

"ಅಷ್ಟೊತ್ತು ಅಲ್ಲೇನ್ ಮಾಡ್ತೀಯ?"

"ಏನೂ ಮಾಡಲ್ಲ."

"ಅದಕ್ಕೆ ಅಲ್ಲೀಗಂಟ ಹೋಗ್ಬೇಕಾ? ಮನೇಲೂ ಅದನ್ನೇ ಮಾಡ್ತಿದ್ಯಲ್ಲ."

ಕ್ಯಾಂಡಿ ಮೊದಲು ಗೋಡೆಯ ಮೂಲೆ ಬಿಡಲಿಲ್ಲ. ಆಮೇಲೆ ಬಂದು ಬಕೆಟ್ಟು ಮೂಸಿತು. ಆಮೇಲೆ ಟವೆಲ್ಲು. ಒಂದು ಬೆಳಗ್ಗೆ ಅದರ ಬಿಸಿಯುಸಿರು ಅವನ ಕಿವಿಯ ಹಿಂದೆ ಬಿದ್ದಾಗ ಕೋನಪ್ಪ ಕೈಯೆತ್ತದೆ ಕೂತಿರಲು ಪಟ್ಟ ಕಷ್ಟವನ್ನು ಯಾವ ವ್ಯಾಪಾರದಲ್ಲೂ ಪಟ್ಟಿರಲಿಲ್ಲ.

ಮುಟ್ಟುವ ಪಾಠ ಬಂದಾಗ ಹರಿತಾ ಹೇಳಿದ್ದು ಅವನಿಗೆ ತಲೆಕೆಳಗಾಗಿ ಕಂಡಿತು. ಎದುರಿನಿಂದ ಹೋಗಬಾರದು, ಭುಜದ ಪಕ್ಕ ನಿಲ್ಲಬೇಕು. ಕತ್ತು ಬೆನ್ನಿಗೆ ಸೇರುವ ಕಡೆ ಕೆರೆಯಬೇಕು, ಕುದುರೆಗಳು ಒಂದನ್ನೊಂದು ಅಲ್ಲೇ ಕೆರೆಯುವುದು. ಆಮೇಲೆ ಕೈಯನ್ನು ನಿಧಾನಕ್ಕೆ ಮುಖದ ಕಡೆ ಸರಿಸಬೇಕು. ಕುದುರೆ ಹಿಂದೆ ಸರಿಯುವ ಮೊದಲೇ ಕೈ ತೆಗೆಯಬೇಕು.

"ತೆಗೆಯೋದಾ? ಇನ್ನೇನು ಸಿಕ್ತು ಅನ್ನುವಾಗ?"

"ಹೂಂ. ಆವಾಗ್ಲೇ. ತಾನು ನಿಲ್ಲು ಅಂದಾಗ ಈ ಕೈ ನಿಲ್ಲುತ್ತೆ ಅಂತ ಅದಕ್ಕೆ ಗೊತ್ತಾಗಬೇಕು."

ಕೋನಪ್ಪ ಯೋಚಿಸಿದ. ಸಂತೆಯಲ್ಲಿ ಟವೆಲ್ಲಿನ ಕೆಳಗೆ ರೈತನ ಕೈ ಹಿಡಿದು ಬೆರಳಿನಲ್ಲಿ ಬೆಲೆ ಮಾತಾಡುವಾಗ, ಆಗುವುದಿಲ್ಲ ಎಂದು ಎಳೆದುಕೊಂಡ ಕೈಯನ್ನು ಅವನು ಒಂದು ಸಲವೂ ಬಿಟ್ಟವನಲ್ಲ. ಬಿಡದಿರುವುದೇ ಕಸುಬು. ಬಿಟ್ಟ ಕೈ ಇನ್ನೊಬ್ಬ ದಳ್ಳಾಳಿಗೆ ಹೋಗುತ್ತದೆ. ಈ ಕುದುರೆಯೋ, ಅವನು ಬಿಟ್ಟಷ್ಟೂ ಹತ್ತಿರ ಬಂತು. ಇದು ಯಾವ ಸೀಮೆಯ ವ್ಯಾಪಾರ ಎಂದು ಅವನಿಗೆ ಆಶ್ಚರ್ಯವಾಯಿತು. ಇನ್ನೊಂದು ವಿಷಯವೂ ಅವನ ಗಮನಕ್ಕೆ ಬಂತು: ಇಷ್ಟು ವರ್ಷದಲ್ಲಿ ಅವನ ಮಾತನ್ನು ಒಂದಿಷ್ಟೂ ಲೆಕ್ಕಕ್ಕೆ ಇಟ್ಟುಕೊಳ್ಳದೆ ಅವನ ಜೊತೆ ವ್ಯವಹಾರ ಮಾಡಿದ್ದು ಇದೊಂದೇ. ಅದಕ್ಕೆ ಬೇಕಾದದ್ದು ಅವನ ಕೈ ಏನು ಹೇಳುತ್ತದೆ ಎನ್ನುವುದು. ಕೈಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ, ಆ ಕೆಲಸವನ್ನು ಬಾಯಿಯೇ ನೋಡಿಕೊಂಡಿತ್ತು.

ಚಳಿ ಬಿಟ್ಟು ಹುಣಸೆ ಬಡಿಯುವ ಹೊತ್ತಿಗೆ ಕ್ಯಾಂಡಿ ಕೆನ್ನೆ ಮುಟ್ಟಗೊಟ್ಟಿತು. ಮುಖಪಟ್ಟಿಯನ್ನು ಮೂಸಿ, ತಾನೇ ಮೂಗು ತೂರಿಸಿತು. ಪಟ್ಟಿಯ ಹಗ್ಗ ಸಡಿಲ ಬಿಟ್ಟುಕೊಂಡು ಕೋನಪ್ಪ ಅಂಗಳದಲ್ಲಿ ಸುತ್ತಿದರೆ ಅದು ಹೆಗಲಿಗೆ ಹೆಗಲು ಕೊಟ್ಟಂತೆ ಜೊತೆಯಲ್ಲೇ ಬಂತು. ಅದರ ಹೆಗಲು ಅವನ ತೊಡೆಗೆ ಬರುತ್ತಿತ್ತು, ಅದು ಬೇರೆ ಮಾತು. ಹಣೆಯ ಕೂದಲೊಂದನ್ನು ಮಾತ್ರ ಇನ್ನೂ ಮುಟ್ಟಗೊಟ್ಟಿರಲಿಲ್ಲ. ವೇಣುವಿಗೆ ಅದು ಬೇಕಾಗಿಯೂ ಇರಲಿಲ್ಲ. "ಸಾಕು, ಸೂಪರ್," ಎಂದು ವಿಡಿಯೋ ನೋಡಿ ಹೇಳಿದ. "ಭಾನುವಾರ ಟಾಟಾ ಏಸ್ ತರ್ತೀನಿ."

ಆವತ್ತೇ ಕೋನಪ್ಪನಿಗೆ ತಾನು ಏನು ಮಾಡುತ್ತಿದ್ದೇನೆಂದು ಹೊಳೆದದ್ದು. ಎಕ್ಸಿಬಿಷನ್ ಮೈದಾನ ಅವನು ನೋಡದ್ದೇನಲ್ಲ. ಮೈಕಿನ ಅರಚಾಟ, ತಿರುಗುವ ತೊಟ್ಟಿಲ ದೀಪ, ಸಾಲು ನಿಂತ ಮಕ್ಕಳು, ಒಂದೊಂದು ಮಗುವಿಗೂ ಎರಡೆರಡು ಕೈ. ಕೈಯನ್ನು ನಂಬಬಹುದು ಎಂದು ಆ ಕುದುರೆಗೆ ಕಲಿಸಿದವನು ತಾನು. ಕಲಿಸಿ ಕಳಿಸುತ್ತಿರುವುದು ಅಲ್ಲಿಗೆ. ಮರುದಿನ ಅವನು ಬೇಕೆಂದೇ ಏನೂ ಕಲಿಸದೆ ಬಕೆಟ್ಟಿನ ಮೇಲೆ ಮುಖ ತಿರುಗಿಸಿ ಕೂತ. ಸುಮ್ಮನೆ ಕೂರುವುದೇ ಅದಕ್ಕೆ ದೊಡ್ಡ ಪಾಠವಾದ್ದರಿಂದ, ಅವತ್ತೇ ಅದು ಬಂದು ಗಲ್ಲವನ್ನು ಅವನ ತೊಡೆಯ ಮೇಲಿಟ್ಟಿತು.

ಅವನು ಎದ್ದು ಜಗಲಿಗೆ ಹೋದ.

"ಅಕ್ಕ, ಅದಕ್ಕೆ ಸುಳಿ ಇಲ್ಲ."

ವೆಂಕಟರತ್ನಮ್ಮ ಕನ್ನಡಕದ ಮೇಲಿಂದ ನೋಡಿದಳು. "ಯಾವಾಗಿಂದ?"

"ಆವತ್ತು ಬಾಯಿಗೆ ಬಂದದ್ದು ಹೇಳ್ದೆ. ನೀವು ಕೊಂಡ್ಕೋತೀರ ಅಂದ್ಕೊಂಡಿದ್ದೆ. ಬೆಲೆ ಇಳಿಸೋಕೆ."

"ಕೋನಪ್ಪ, ದಳ್ಳಾಳಿ ಚೆನ್ನಾಗಿಲ್ಲ ಅಂದ್ರೆ ನಂಬಬಹುದು. ಚೆನ್ನಾಗೈತೆ ಅಂದ್ರೆ ಅವನಿಗೆ ಎಲ್ಲಿಂದಲೋ ಏನೋ ಬಂದೈತೆ ಅಂತ. ನಿನಗೆ ಎಲ್ಲಿಂದ ಬಂತು?"

"ಎಲ್ಲಿಂದಲೂ ಬಂದಿಲ್ಲಕ್ಕ."

"ಹಂಗಾದ್ರೆ ಕೂದಲು ಎತ್ತಿ ತೋರ್ಸು. ಸುಳಿ ಇಲ್ಲ ಅಂದ್ರೆ ಇಲ್ಲೇ ಇರ್ಲಿ. ನನಗೇನು, ಚಿಂತಾಮಣಿಯಿಂದ ನಾವು ಬಂದು ಹೋಗಿ ಮಾಡ್ತೀವಿ, ದಿನಾ ನೋಡ್ಕೊಳ್ಳೋಕೆ ನೀನೇ ಇದ್ದೀಯ."

ಇಷ್ಟು ಸುಲಭವೇ ಎಂದು ಕೋನಪ್ಪನಿಗೆ ಹಗುರವಾಯಿತು. ಇಲ್ಲದ ಸುಳಿಯನ್ನು ಇಲ್ಲವೆಂದು ತೋರಿಸುವುದು, ಅಷ್ಟೇ ತಾನೆ. ಭಾನುವಾರದವರೆಗೆ ಹೊತ್ತಿತ್ತು. ಅವತ್ತಿನಿಂದ ಅವನು ಬೆರಳುಗಳನ್ನು ಕೆನ್ನೆಯಿಂದ ಕಿವಿಯ ಬುಡಕ್ಕೆ, ಕಿವಿಯ ಬುಡದಿಂದ ಹಣೆಯ ಅಂಚಿಗೆ ಕೊಂಡೊಯ್ದು ಹಿಂದಕ್ಕೆ ತಂದ. ಕ್ಯಾಂಡಿ ಮೈ ಬಿಗಿದರೆ ಅಲ್ಲೇ ನಿಲ್ಲಿಸಿದ. ಅದು ಉಸಿರು ಬಿಟ್ಟರೆ ಕೈ ತೆಗೆದ. ಶನಿವಾರ ಬೆಳಗ್ಗೆ ಅದರ ಕೆಳತುಟಿ ಜೋಲು ಬಿತ್ತು, ಕಣ್ಣು ಅರೆಮುಚ್ಚಿತು, ಅವನ ಅಂಗೈ ಹಣೆಯ ಮೇಲೆ ಇತ್ತು. ಅವನು ಆ ದಪ್ಪ ಕೂದಲನ್ನು ಪರದೆ ಸರಿಸುವಂತೆ ಎಡಗಣ್ಣಿನ ಮೇಲಿಂದ ಸರಿಸಿದ.

ಸುಳಿ ಇತ್ತು.

ಅವನು ಹೇಳಿದ ಜಾಗದಲ್ಲೇ. ಹೆಬ್ಬೆಟ್ಟಿನ ಗುರುತಿನಷ್ಟು, ಅಚ್ಚುಕಟ್ಟಾಗಿ ಎಡಕ್ಕೆ ಸುತ್ತಿಕೊಂಡು.

ಸುಳ್ಳು ಹೇಳಿ ಸಿಕ್ಕಿಬೀಳುವ ಭಯ ಕೋನಪ್ಪನಿಗೆ ಪರಿಚಯದ್ದೇ. ಹೇಳಿದ ಸುಳ್ಳು ತಾನಾಗಿ ನಿಜವಾಗಿ ಎದುರು ನಿಂತರೆ ಆಗುವ ಭಯ ಹೊಸದು. ಅವನ ಬೆನ್ನು ತಣ್ಣಗಾಯಿತು. ಮೋಟಾರು, ಹಸುವಿನ ಹಾಲು ಎಲ್ಲ ಒಂದು ಕ್ಷಣ ಸಾಲಾಗಿ ನಿಂತು ಅವನನ್ನು ನೋಡಿದವು. ಕಾಲೇಜಿಗೆ ರಜೆಯಿದ್ದ ಹರಿತಾ ಶೆಡ್ಡಿನ ಬಾಗಿಲಿಗೆ ಒರಗಿ ನಿಂತಿದ್ದಳು.

"ಇದೆಯಾ?"

"ಐತೆ ಹರಿತಮ್ಮ."

"ಕೂದಲು ಯಾವುದೋ ಒಂದು ಕಡೆ ತಿರುಗಲೇಬೇಕಲ್ಲ. ಹುಟ್ಟೋಕೆ ಮೊದಲೇ ಚರ್ಮ ಬೆಳೆಯುವಾಗ ಆಗೋದು ಅದು. ನಿಮ್ಮ ತಲೇಲೂ ಇದೆ."

"ಎರಡೈತೆ. ಎರಡು ಸುಳಿ ಇದ್ರೆ ಎರಡು ಮದ್ವೆ ಅಂತ ನಮ್ಮಜ್ಜಿ ಹೇಳ್ತಿದ್ಳು. ಒಂದನ್ನೇ ಸುಧಾರಿಸೋಕಾಗ್ಲಿಲ್ಲ." ಅವನು ಕೈ ತೆಗೆಯಲಿಲ್ಲ, ಕ್ಯಾಂಡಿಯೂ ಸರಿಯಲಿಲ್ಲ. "ನೀವು ಹೇಳಿದ್ದು ನನಗೂ ಗೊತ್ತಮ್ಮ. ಎಷ್ಟು ಜನಕ್ಕೆ ಹೇಳಿ ಹೆದರ್ಸಿದೀನಿ, ನನಗೆ ಗೊತ್ತಿಲ್ವಾ? ಗೊತ್ತಿರೋದು ಬೇರೆ, ಬೆನ್ನು ತಣ್ಣಗಾಗೋದು ಬೇರೆ."

ಹರಿತಾ ಒಳಗೆ ಬಂದು ಕ್ಯಾಂಡಿಯ ಭುಜದ ಪಕ್ಕ ನಿಂತಳು. "ಚಿಂತಾಮಣೀಲಿ ಬಾಡಿಗೆ ಮನೇಲಿ ಇಟ್ಕೊಳ್ಳೋಕೆ ಆಗಲ್ಲ ಕೋನಪ್ಪಣ್ಣ. ಕೇಳಿದೆ ನಾನು. ಅಲ್ಲಿ ನಾಯಿಗೇ ಬೇಡ ಅಂದ್ರು," ಎಂದಳು.

ಭಾನುವಾರ ವೇಣು ಬಂದ. ಟಾಟಾ ಏಸಿನ ಹಿಂದೆ ಹುಲ್ಲು ಹಾಸಿದ್ದ, ಕೆಟ್ಟವನೇನಲ್ಲ. ಕ್ಯಾಂಡಿ ಕೋನಪ್ಪನ ಪಕ್ಕ ನಡೆದು ಬಂದು ಅಂಗಳದ ನಡುವೆ ನಿಂತದ್ದು ನೋಡಿ ಅವನ ಮುಖ ಅರಳಿತು. "ಅಬ್ಬಬ್ಬಾ, ಏಮುಂದಿ ಗುರ್ರಂ, ಏನ್ ಕುದುರೆ! ಮಕ್ಕಳು ಬಿಡ್ತಾವಾ ಇದನ್ನ? ಏನನ್ನಾ, ದೋಷ ಗೀಷ ಏನೂ ಇಲ್ಲವಲ್ಲ?"

ಇದು ಕೇಳಬೇಕಾದ ಪ್ರಶ್ನೆ, ಎಲ್ಲರೂ ಕೇಳುತ್ತಾರೆ. ಇದಕ್ಕೆ ಮಾರುವ ಕಡೆಯ ದಳ್ಳಾಳಿ ಕೊಡುವ ಉತ್ತರವೂ ಇದೆ: ಬಂಗಾರದಂಥ ರಾಸು, ನನ್ನ ಮನೆಯದಾಗಿದ್ದರೆ ಕೊಡುತ್ತಲೇ ಇರಲಿಲ್ಲ. ಜಗಲಿಯ ಮೇಲಿಂದ ವೆಂಕಟರತ್ನಮ್ಮ ಆ ಉತ್ತರಕ್ಕಾಗಿ ಕಾಯುತ್ತಿದ್ದಳು. ಕೋನಪ್ಪನ ನಾಲಿಗೆಯ ತುದಿಗೂ ಅದು ಬಂದಿತ್ತು.

"ಬಾ ವೇಣು, ಈ ಕಡೆ ಬಾ. ಎದುರಿಗೆ ನಿಲ್ಲಬೇಡ, ಪಕ್ಕಕ್ಕೆ ಬಾ," ಎಂದು ಅವನು ಅಂಗೈಯನ್ನು ಕ್ಯಾಂಡಿಯ ಹಣೆಗಿಟ್ಟು, ಅದು ಉಸಿರು ಬಿಡುವವರೆಗೆ ಕಾದು, ಕೂದಲು ಸರಿಸಿದ. "ನೋಡು."

ವೇಣು ಬಗ್ಗಿ ನೋಡಿದವನು ಹಾವು ತುಳಿದವನಂತೆ ಹಿಂದೆ ಸರಿದ. "ಅಯ್ಯಯ್ಯೋ ಸ್ವಾಮಿ! ಕನ್ನೀಟಿ ಸುಡಿ, ಕಣ್ಣೀರ ಸುಳಿ! ಮಕ್ಕಳು ಕೂರೋ ಗಾಡಿಗೆ ಇದನ್ನ ಕಟ್ಟೋದಾ? ಬೇಡಪ್ಪ, ಪುಣ್ಯ ಬರುತ್ತೆ, ಬೇಡ." ಗಾಡಿ ಹತ್ತಿ ಕೂತ ಮೇಲೂ ಅವನಿಗೆ ಸಮಾಧಾನವಾಗಲಿಲ್ಲ. ಕಿಟಕಿಯಿಂದ ತಲೆ ಹಾಕಿ, "ಮಾರೋ ಕಡೆ ನಿಂತು ನೀನೇ ದೋಷ ತೋರಿಸ್ತೀಯಲ್ಲ, ಮೈಯಲ್ಲಿ ಹುಷಾರಿದೀಯೇನನ್ನಾ?" ಎಂದು ಕೇಳಿ ಹೋದ.

ಗಾಡಿ ಎಬ್ಬಿಸಿದ ಧೂಳು ಅಂಗಳದಲ್ಲಿ ಇಳಿಯಿತು.

"ಒಂದ್ಸಾರಿನಾದ್ರೂ ನಿನ್ನ ಬಾಯಿಂದ ನಿಜ ಬಂತಲ್ಲ ಕೋನಪ್ಪ," ಎಂದಳು ವೆಂಕಟರತ್ನಮ್ಮ. "ಅದೂ ನನ್ನ ಮನೆ ಮುಂದೆ, ಇವತ್ತೇ ಬರಬೇಕಿತ್ತು. ಇನ್ನು ಇದನ್ನ ಈ ಜಿಲ್ಲೇಲಿ ಯಾರು ತಗೋತಾರೆ?"

"ಯಾರೂ ತಗೊಳಲ್ಲಕ್ಕ."

"ನನ್ನ ಮನೇಲಂತೂ ಇರಲ್ಲ."

"ಇಲ್ಲಕ್ಕ. ನಾನೇ ಕರ್ಕೊಂಡು ಹೋಗ್ತೀನಿ."

ಅವಳು ಅವನನ್ನೂ ಕುದುರೆಯನ್ನೂ ಬಹಳ ಹೊತ್ತು ನೋಡಿದಳು. "ಹೋಗು. ನಿನ್ನ ಮನೇಲಿ ಕೆಡೋಕೆ ಇನ್ನೇನು ಉಳಿದೈತೆ," ಎಂದು ಒಳಗೆ ಹೋದಳು. ಅವಳ ಮಾತಿನಲ್ಲಿ ಸಿಟ್ಟು ಎಷ್ಟಿತ್ತು, ಕುದುರೆಗೊಂದು ನೆಲೆಯಾಯಿತೆಂಬ ಸಮಾಧಾನ ಎಷ್ಟಿತ್ತು ಎನ್ನುವುದು ಬಾಗಿಲ ಹಿಂದೆ ಉಳಿಯಿತು. ಹರಿತಾ ಗೇಟಿನವರೆಗೆ ಬಂದಳು. ಒಣಹುಲ್ಲೇ ಹಾಕಬೇಕು, ಹಸಿ ಸೊಪ್ಪು ಜಾಸ್ತಿಯಾದರೆ ಕಾಲು ಹಿಡಿದುಕೊಂಡು ಬೀಳುತ್ತದೆ, ನೋಡಲು ಬಂದವರೆಲ್ಲ ಬಾಳೆಹಣ್ಣು ಬೆಲ್ಲ ತಿನ್ನಿಸದಂತೆ ನೋಡಿಕೊಳ್ಳಬೇಕು ಎಂದಳು. ಆಮೇಲೆ ಕ್ಯಾಂಡಿಯ ಭುಜ ಕೆರೆದು, ಬೇಗ ಕೈ ತೆಗೆದುಕೊಂಡಳು.

ರಸ್ತೆಯಲ್ಲಿ ಸಿಕ್ಕವರೆಲ್ಲ ಮಾತಾಡಿಸಿದರು. ನಾಯಿನಾ ಎಂದು ಒಬ್ಬ, ಕತ್ತೆನಾ ಎಂದು ಒಬ್ಬ. ಬೈಕು ನಿಧಾನ ಮಾಡಿದ ಆವುಲಪ್ಪ, ಹಳೆಯ ಸಂತೆಯ ಗೆಳೆಯ, "ಸುಳಿ ಹೆಂಗೈತೆ ಮಾವ?" ಎಂದ.

"ಕಣ್ಣೀರ ಸುಳಿ."

"ತಮಾಷೆ ಬಿಡು," ಎಂದು ಆವುಲಪ್ಪ ನಕ್ಕು ಮುಂದೆ ಹೋದ. ನಿಜವನ್ನು ಹೇಳಿದರೂ ಅದು ಅಷ್ಟು ಸುಲಭವಾಗಿ ಯಾರಿಗೂ ತಗುಲುವುದಿಲ್ಲ ಎಂದು ಕೋನಪ್ಪ ಕಂಡುಕೊಂಡ. ಅವನ ಬೆನ್ನಿನ ತಣ್ಣನೆ ಮಾತ್ರ ಪೂರ್ತಿ ಹೋಗಿರಲಿಲ್ಲ. ನಾಳೆ ಮನೆಯಲ್ಲಿ ಏನಾದರೂ ಆದರೆ ಸುಳಿಯಿಂದ ಆಯಿತು ಎನ್ನುತ್ತಾರೆ; ಏನೂ ಆಗದಿದ್ದರೆ, ಏನೂ ಆಗಲಿಲ್ಲವೆಂದು ಹೇಳುವುದಕ್ಕೆ ಯಾರೂ ಬರುವುದಿಲ್ಲ. ಮನುಷ್ಯರ ಮೇಲೂ ಹೀಗೇ ಎಷ್ಟೋ ಸುಳಿ ಹೊರಿಸಿರುತ್ತಾರೆ. ಅವರು ಯಾರ ಹತ್ತಿರ ಹೋಗಿ ಹಣೆ ತೋರಿಸಬೇಕು?

ರೈಲ್ವೆ ಗೇಟು ಹಾಕಿತ್ತು. ಬೈಕು, ಆಟೋ, ರೇಷ್ಮೆಗೂಡು ತುಂಬಿದ ಒಂದು ಪಿಕಪ್ಪು ಒಂದರ ಮೇಲೊಂದು ಬಂದು ನಿಂತವು. ಕೋನಪ್ಪ ಕ್ಯಾಂಡಿಯನ್ನು ಪಕ್ಕದ ಜಾಲಿ ಗಿಡದ ಹತ್ತಿರ ನಿಲ್ಲಿಸಿಕೊಂಡ. ಹಳಿ ಗುಂಯ್‌ಗುಟ್ಟಲು ಶುರುವಾದದ್ದೇ ಅದರ ಮೈಯೆಲ್ಲ ನಡುಗಿತು, ಕಿವಿ ಹಿಂದಕ್ಕೆ ಮಲಗಿದವು. ಅವನ ಕೈ ಹಗ್ಗವನ್ನು ಮೋಟಾಗಿ ಹಿಡಿಯಲು ಹೊರಟಿತು. ಎಳೆದು ಹಿಡಿದರೆ ಹೋಗಲಾರದು. ಆದರೆ ಇವತ್ತು ಹಿಡಿದರೆ ನಾಳೆಯಿಂದಲೂ ಹಿಡಿದೇ ಇಟ್ಟುಕೊಳ್ಳಬೇಕು. ಸಡಿಲ ಬಿಟ್ಟರೆ ಇವತ್ತೇ ಹೋಗಿಬಿಡಬಹುದು. ಅವನು ಸಡಿಲ ಬಿಟ್ಟು ಭುಜದ ಪಕ್ಕ ನಿಂತ. ರೈಲು ಬಡಬಡಿಸಿಕೊಂಡು ಹಾದುಹೋಯಿತು. ಕ್ಯಾಂಡಿ ಒಂದು ಸುತ್ತು ತಿರುಗಿತು, ಹಗ್ಗ ಬಿಗಿಯಾಗುವ ಅಂಚಿಗೆ ಹೋಯಿತು, ನಿಂತಿತು, ತಿರುಗಿ ಬಂದು ಅವನ ತೊಡೆಗೆ ಒತ್ತಿಕೊಂಡು ನಿಂತಿತು.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು.

"ಕುದುರೆ ಹಿಡ್ಕೊಂಡ್ ಬರ್ತಿದ್ದೀಯಂತೆ?" ಚಿಕ್ಕವೆಂಕಟಮ್ಮ.

"ಹೂಂ."

"ಕಣ್ಣೀರ ಸುಳಿಯಂತೆ?"

"ಅದೇ."

"ನಿನ್ನ ಕಟ್ಕೊಂಡಾಗಿಂದ ನಾನು ಹಾಕಿರೋ ಕಣ್ಣೀರಿಗೆ ಯಾವ ಕುದುರೆ ಬೇಕಿತ್ತು," ಎಂದಳು. "ಎಲ್ಲಿ ಕಟ್ತೀಯ? ಕೊಟ್ಟಿಗೆ ತುಂಬ ಸೌದೆ ಐತೆ."

"ಬಂದು ತೆಗೀತೀನಿ."

"ನೀನ್ ತೆಗೆದ ಹಾಗೇ. ನಾನೇ ತೆಗ್ದಿಡ್ತೀನಿ. ಎಷ್ಟೊತ್ತಿಗೆ ಬರ್ತೀಯ?"

ಗೇಟು ಎದ್ದಿತು. ಹಾರನ್ನುಗಳೆಲ್ಲ ಒಟ್ಟಿಗೆ ಕೂಗಿದವು, ಗಾಡಿಗಳು ನುಗ್ಗಿದವು, ರಸ್ತೆ ಖಾಲಿಯಾಯಿತು. ಕೋನಪ್ಪ ಎರಡು ಹೆಜ್ಜೆ ಮುಂದಿಟ್ಟು ನಿಂತ. ಕ್ಯಾಂಡಿ ಹಳಿಯ ಕಡೆ ಮೂಗು ಚಾಚಿ, ಗಾಳಿ ಮೂಸಿ, ಒಲ್ಲೆನೆಂದು ನಿಂತಿತು.

"ಯಜಮಾನ್ರೇ, ಎಳ್ಕೊಂಡು ದಾಟಿ ಬೇಗ," ಗೇಟಿನವನು ಕೂಗಿದ. "ಆ ಕಡೆಯಿಂದ ಇನ್ನೊಂದು ಗಾಡಿ ಐತೆ, ಮತ್ತೆ ಹಾಕ್ಬೇಕು."

"ಎಳೆದ್ರೆ ಬರಲ್ಲ ಸ್ವಾಮಿ. ಹಾಕ್ಕೊಳ್ಳಿ."

"ಏನಂತೆ?" ಫೋನಿನಲ್ಲಿ ಚಿಕ್ಕವೆಂಕಟಮ್ಮ. "ಎಷ್ಟೊತ್ತಿಗೆ ಬರ್ತೀಯ ಅಂದೆ."

"ಅದು ಬಂದಾಗ," ಎಂದ ಕೋನಪ್ಪ.

ಗೇಟು ಮತ್ತೆ ಇಳಿಯಿತು. ಎರಡನೆಯ ರೈಲಿಗೆ ಕ್ಯಾಂಡಿ ನಡುಗಿತು, ಸುತ್ತು ತಿರುಗಲಿಲ್ಲ. ಸದ್ದು ಹಿಂದೂಪುರದ ಕಡೆ ಕರಗಿಹೋಗಿ ಗೇಟು ಎದ್ದ ಮೇಲೆ ಅದು ಮೊದಲ ಹಳಿಯನ್ನು ಮೂಸಿತು, ಗೊರಸಿನಿಂದ ಒಮ್ಮೆ ತಟ್ಟಿ ನೋಡಿತು, ಆಮೇಲೆ ದಾಟಿತು. ಕೋನಪ್ಪ ಹಗ್ಗದ ಇನ್ನೊಂದು ತುದಿಯಲ್ಲಿ ಅದರ ಹಿಂದೆ ನಡೆದ.